ನಜೀಬನಿಗೆ ಆ ಕಂಪನಿ ಸಿಕ್ಕಿದ್ದರೆ?

ಬ್ಲೆಸ್ಸಿ ನಿರ್ದೇಶನದ ‘ಆಡುಜೀವಿತಂ’ 2024ರ ಮಾರ್ಚ್‌ನಲ್ಲಿ ಬಿಡುಗಡೆಯಾದಾಗ ನನ್ನ ಟೀಮಿನಲ್ಲಿ ಅರ್ಧ ಜನ ಮೊದಲ ವಾರವೇ ನೋಡಿ ಬಂದರು. ಮಾತೆಲ್ಲ ಪೃಥ್ವಿರಾಜ್ ಇಳಿಸಿದ ತೂಕದ್ದು, ಮರಳಿನದ್ದು, ರೆಹಮಾನ್ ಸಂಗೀತದ್ದು. ನನ್ನ ತಲೆಯಲ್ಲಿ ಕೂತಿದ್ದು ಬೇರೆ. ನಜೀಬ್ ಊರು ಬಿಟ್ಟಿದ್ದು ಆಡು ಕಾಯೋಕಲ್ಲ, ಕಂಪನಿಯಲ್ಲಿ ಹೆಲ್ಪರ್ ಕೆಲಸಕ್ಕೆ. ಬೆನ್ಯಾಮಿನ್ ಅವರ ಮೂಲ ಕಾದಂಬರಿಯಲ್ಲಿ ಅದು ಕಟ್ಟಡ ಕಟ್ಟುವ ಕಂಪನಿ. ಏರ್‌ಪೋರ್ಟಿನಲ್ಲಿ ಯಾವನೋ ಒಬ್ಬ ಅವನನ್ನ ಗಾಡಿಗೆ ಹತ್ತಿಸಿಕೊಂಡು ಹೋಗಿಬಿಡ್ತಾನೆ, ಕಂಪನಿ ಅಲ್ಲಿಗೇ ಕಥೆಯಿಂದ ಮಾಯ.

ಸಿನಿಮಾ ಕೆಟ್ಟದಾಗಿದೆ ಅಂತ ಖಂಡಿತ ಹೇಳ್ತಿಲ್ಲ. ನಜೀಬನ ಮಲಯಾಳ ಅರ್ಬಾಬನಿಗೆ ಅರ್ಥವಾಗಲ್ಲ, ಅವನ ಅರಬ್ಬಿ ಇವನಿಗೆ ಅರ್ಥವಾಗಲ್ಲ. ಆ ದೃಶ್ಯಗಳಲ್ಲಿ ನನಗೂ ಉಸಿರು ಕಟ್ಟಿದ ಹಾಗಾಯ್ತು. ಆದರೆ ಮೂರು ಗಂಟೆ ನಾವು ಆ ಒಬ್ಬ ಅರ್ಬಾಬನನ್ನ ಬೈಕೊಂಡು ಕೂರ್ತೀವಿ. ಅಯ್ಯೋ ಪಾಪ, ಸರಿಯಾದ ಕಂಪನಿಗೆ ಹೋಗಿದ್ದಿದ್ದರೆ ಬಚಾವಾಗ್ತಿದ್ದ ಅಂದುಕೊಂಡು ಆಚೆ ಬರ್ತೀವಿ. ನನ್ನ ತಕರಾರು ಇರೋದು ಇಲ್ಲೇ.

ಸರಿಯಾದ ಕಂಪನಿ ಅಂದರೆ ಸೌದಿ ಓಜರ್‌ಗಿಂತ ಬೇಕಾ? ಲೆಬನಾನಿನ ಹರೀರಿ ಕುಟುಂಬದ್ದು, ರಿಯಾದಿನ ರಿಟ್ಜ್ ಕಾರ್ಲ್‌ಟನ್ ಹೋಟೆಲು ಕಟ್ಟಿದ್ದು. 2014ರಿಂದ ಕಚ್ಚಾತೈಲದ ಬೆಲೆ ಬಿತ್ತು, ಸರ್ಕಾರದ ಕಡೆಯಿಂದ ಗುತ್ತಿಗೆದಾರರಿಗೆ ಬರಬೇಕಾದ ದುಡ್ಡು ನಿಂತಿತು, ಕಂಪನಿ ಸಂಬಳ ನಿಲ್ಲಿಸಿತು. ಒಂದು ತಿಂಗಳಲ್ಲ, ತಿಂಗಳುಗಟ್ಟಲೆ. 2016ರ ಜುಲೈ ಹೊತ್ತಿಗೆ ಜೆಡ್ಡಾದ ಕ್ಯಾಂಪುಗಳಲ್ಲಿ ಊಟವೂ ನಿಂತು, ಸಾವಿರಾರು ಭಾರತೀಯರು ಹಸಿದು ಕೂತರು. ಸುಷ್ಮಾ ಸ್ವರಾಜ್ ಟ್ವೀಟ್ ಮಾಡಿದರು, ನಮ್ಮ ಕಾನ್ಸುಲೇಟ್ ಮತ್ತು ಅಲ್ಲೇ ಇದ್ದ ಭಾರತೀಯರು ಸೇರಿ ದಿನಸಿ ಹಂಚಿದರು, ಮಂತ್ರಿ ವಿ.ಕೆ. ಸಿಂಗ್ ಹೋದರು.

ಊರಿಗೆ ವಾಪಸ್ ಬರಬಹುದಿತ್ತಲ್ಲ ಅಂತೀರಾ? ಇಕಾಮಾ ಅಂತ ಒಂದು ಕಾರ್ಡು, ಅದಿದ್ದರೆ ಮಾತ್ರ ಅಲ್ಲಿ ಕಾನೂನುಬದ್ಧವಾಗಿ ಇರಬಹುದು. ಅದನ್ನ ನವೀಕರಿಸಬೇಕಾದವರು ಮಾಲೀಕರು. 2016ರಲ್ಲಿ ದೇಶ ಬಿಡೋಕೆ ಬೇಕಾದ ಎಕ್ಸಿಟ್ ವೀಸಾಕ್ಕೆ ಒಪ್ಪಿಗೆ ಕೊಡಬೇಕಿದ್ದವರೂ ಅವರೇ. ಅವರೇ ಕೈ ಬಿಟ್ಟರೆ? ಇರೋ ಹಾಗೂ ಇರಲಿಲ್ಲ, ಹೋಗೋ ಹಾಗೂ ಇರಲಿಲ್ಲ. ಎದ್ದು ಹೋದರೆ ಬಾಕಿ ಸಂಬಳದ ಆಸೆಯನ್ನೂ ಬಿಟ್ಟ ಹಾಗೆ. ಕೊನೆಗೆ ಸೌದಿ ಸರ್ಕಾರವೇ ಎಕ್ಸಿಟ್ ವೀಸಾ, ವಿಮಾನದ ಖರ್ಚು ನೋಡಿಕೊಂಡಿತು. ಎಷ್ಟೋ ಜನ ಬಾಕಿಯ ಅರ್ಜಿ ಅಲ್ಲಿ ಬಿಟ್ಟು ಬರಿಗೈಲಿ ವಿಮಾನ ಹತ್ತಿದರು. 2017ರ ಜುಲೈ 31ಕ್ಕೆ ಕಂಪನಿಯೇ ಬಾಗಿಲು ಹಾಕಿತು.

ಇದರಲ್ಲಿ ಬಂದೂಕು ಇಲ್ಲ, ಒಂಟೆ ಇಲ್ಲ, ಬೈಯೋಕೆ ಒಂದು ಮುಖವೂ ಇಲ್ಲ. ಕ್ಯಾಮೆರಾ ಏನನ್ನ ತೋರಿಸಬೇಕು? ಕಷ್ಟ, ಒಪ್ಪಿದೆ. ಆದರೆ ಬೆನ್ಯಾಮಿನ್‌ಗೆ ಇದು ಗೊತ್ತಿತ್ತು. ಕಾದಂಬರಿಯ ಕೊನೆಯಲ್ಲಿ ಜೈಲಿಗೆ ಬಂದ ಅರ್ಬಾಬ್ ನಜೀಬನನ್ನ ಎಳೆದುಕೊಂಡು ಹೋಗಲ್ಲ. ಯಾಕೆ ಗೊತ್ತಾ? ನಜೀಬ್ ಅವನ ವೀಸಾದಲ್ಲಿ ಬಂದವನಲ್ಲ, ಅದಕ್ಕೆ. ಅಂದರೆ ಕಾಗದಪತ್ರ ಎಲ್ಲ ಸರಿ ಇದ್ದಿದ್ದರೆ ಮತ್ತೆ ಅದೇ ಆಡಿನ ದೊಡ್ಡಿಗೆ! ಇಡೀ ಕಥೆಯಲ್ಲಿ ನನ್ನನ್ನ ಬೆಚ್ಚಿಬೀಳಿಸಿದ ಜಾಗ ಅದು, ಮರಳಲ್ಲ. ಸಿನಿಮಾಕ್ಕೆ ಮರಳಿನ ಮೇಲೆ ಜಾಸ್ತಿ ಪ್ರೀತಿ.

ನಾನು ಬೆಳೆದ ಹಿರೇನಲ್ಲೂರಿನ ಕಡೆ, ಮಳೆ ಕೈಕೊಟ್ಟು ತೆಂಗು ಒಣಗಿದ ವರ್ಷ ಜನ ಕಡೂರಿನಲ್ಲಿ ಬೆಂಗಳೂರಿನ ರೈಲು ಹತ್ತುತ್ತಾರೆ, ಗಾರೆ ಕೆಲಸಕ್ಕೆ. ಅಲ್ಲೂ ಬಟವಾಡೆ ತಪ್ಪುತ್ತೆ, ಮೇಸ್ತ್ರಿ ಸತಾಯಿಸ್ತಾನೆ. ಆದರೆ ಮೇಸ್ತ್ರಿ ನಮ್ಮ ಕಡೆಯವನೇ. ಹಬ್ಬಕ್ಕೆ ಊರಿಗೆ ಬರಲೇಬೇಕು, ಅವತ್ತು ಅವನ ಮನೆ ಜಗಲಿ ಮೇಲೆ ಹೋಗಿ ಕೂರಬಹುದು. ಅವನಮ್ಮನ ಹತ್ರ ದೂರು ಹೇಳಬಹುದು. ಹರೀರಿಗಳ ಜಗಲಿ ಎಲ್ಲಿದೆ?

ನಮ್ಮಂಥವರಿಗೆ ರಿಲೀವಿಂಗ್ ಲೆಟರ್ ಒಂದು ವಾರ ತಡವಾದರೆ ಲಿಂಕ್ಡ್‌ಇನ್‌ನಲ್ಲಿ ಪುಟಗಟ್ಟಲೆ ಬರೀತೀವಿ, ಓದೋರೂ ಇರ್ತಾರೆ. ಇದೇ ಸಿನಿಮಾದ ತಂಡ 2020ರ ಲಾಕ್‌ಡೌನಿನಲ್ಲಿ ಜೋರ್ಡಾನಿನ ಮರುಭೂಮಿಯಲ್ಲಿ ಸಿಕ್ಕಿಕೊಂಡಾಗ ದೇಶಕ್ಕೆಲ್ಲ ಸುದ್ದಿಯಾಯ್ತು. ಮೇ ತಿಂಗಳಲ್ಲಿ ವಿಶೇಷ ವಿಮಾನದಲ್ಲಿ ಕೊಚ್ಚಿಗೆ ಬಂದಿಳಿದರು. ಅದಕ್ಕೆ ಹಿಂದಿನ ವರ್ಷ, 2019ರಲ್ಲಿ, ಏಜೆನ್ಸಿಯನ್ನ ನಂಬಿ ಕುವೈತಿಗೆ ಹೋದ ಮಂಗಳೂರು ಕಡೆಯ ಹುಡುಗರು ಹೇಳಿದ ಕೆಲಸವೂ ಇಲ್ಲದೆ, ಸಂಬಳವೂ ಇಲ್ಲದೆ ಸಿಕ್ಕಿಬಿದ್ದಿದ್ದರು. ಇಂಥವರು ಇಲ್ಲಿದ್ದಾರೆ ಅಂತ ನಮಗೆ ಗೊತ್ತಾಗೋಕೆ ಅವರೇ ಮೊಬೈಲಿನಲ್ಲಿ ವಿಡಿಯೋ ಮಾಡಿ ಕಳಿಸಬೇಕಾಯ್ತು.