ಕಾಡಂಚಿನ ಹಳ್ಳಿಗೆ ಕೊಟ್ಟದ್ದೇನು, ಉಳಿದದ್ದೇನು?



ಸಂರಕ್ಷಿತ ಅರಣ್ಯದ ಅಂಚಿನಲ್ಲಿರುವ ಹಳ್ಳಿಗಳ ಬದುಕು ಎರಡು ಕಡೆಯಿಂದಲೂ ಇಕ್ಕಟ್ಟಿನದು. ಸೌದೆಗೋ ಜೇನಿಗೋ ಕಾಡಿಗೆ ಕಾಲಿಟ್ಟರೆ ಅಪರಾಧ. ಆನೆ ಹೊಲಕ್ಕೆ ಕಾಲಿಟ್ಟರೆ ವರ್ಷದ ರಾಗಿ ಒಂದೇ ರಾತ್ರಿಯಲ್ಲಿ ಮಣ್ಣುಪಾಲು. ಇದಕ್ಕೆ ಪರಿಹಾರವೆಂದು ‘ಸುಸ್ಥಿರ ಜೀವನೋಪಾಯ’ದ ಹೆಸರಿನಲ್ಲಿ ಯೋಜನೆಗಳು ಬರತೊಡಗಿ ಸುಮಾರು ಮೂರು ದಶಕಗಳು ಸಂದಿವೆ. ಹಸು, ಹೊಲಿಗೆ ಯಂತ್ರ, ಜೇನುಪೆಟ್ಟಿಗೆ, ಅಡುಗೆ ಅನಿಲ ಇವುಗಳನ್ನು ಎಷ್ಟು ಮನೆಗಳಿಗೆ ಹಂಚಲಾಯಿತು ಎಂಬ ಲೆಕ್ಕವನ್ನು ವರದಿಗಳು ತಪ್ಪದೆ ಕೊಡುತ್ತವೆ. ಹಂಚಿದ ಮೇಲೆ ಆ ಮನೆಗಳ ಸ್ಥಿತಿ ಏನಾಯಿತೆಂದು ಕೇಳುವವರು ವಿರಳ. ಅದನ್ನೇ ಇಲ್ಲಿ ಕೇಳಿ ನೋಡೋಣ.

ಈ ವಿಚಾರಣೆಗೆ ಭಾರತ ಪರಿಸರ ಅಭಿವೃದ್ಧಿ ಯೋಜನೆ ತಕ್ಕ ಉದಾಹರಣೆಯಾಗಿದೆ. ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ನೆರವಿನಿಂದ 1996ರಲ್ಲಿ ಮಂಜೂರಾದ ಈ ಯೋಜನೆ 2004ರಲ್ಲಿ ಮುಕ್ತಾಯವಾಯಿತು. ದೇಶದ 7 ಅರಣ್ಯಗಳು ಇದರ ವ್ಯಾಪ್ತಿಗೆ ಬಂದವು. ಕರ್ನಾಟಕದ ನಾಗರಹೊಳೆ ಮತ್ತು ಕೇರಳದ ಪೆರಿಯಾರ್ ಅವುಗಳಲ್ಲಿ ಸೇರಿದ್ದವು. ಪ್ರತಿ ಹಳ್ಳಿಯಲ್ಲಿ ಒಂದು ಸಮಿತಿ, ಆ ಸಮಿತಿಯ ಮೂಲಕ ಒಂದು ಕಿರುಯೋಜನೆ, ವೆಚ್ಚದಲ್ಲಿ ಕಾಲು ಭಾಗ ಹಳ್ಳಿಗರದೇ ಪಾಲು, ಪ್ರತಿಯಾಗಿ ಕಾಡನ್ನು ಕಾಯುವ ಒಪ್ಪಂದ: ಇದು ಅದರ ಚೌಕಟ್ಟು. ಕಾಗದದ ಮೇಲೆ ಎಲ್ಲೆಡೆಯೂ ಒಂದೇ ಯೋಜನೆ. ಆದರೆ ಫಲ ಒಂದೇ ಆಗಲಿಲ್ಲ.

ಪೆರಿಯಾರ್‌ನ ಕುಮಿಳಿ ಸುತ್ತಮುತ್ತ ಕಾಡಿನ ದಾಲ್ಚಿನ್ನಿ ತೊಗಟೆಯನ್ನು ಕದ್ದು ಮಾರುತ್ತಿದ್ದವರ ಗುಂಪೊಂದಿತ್ತು. ಅವರಿಗೆ ಕಾಡಿನ ಒಳದಾರಿಗಳೂ ಕಳ್ಳರ ಜಾಡೂ ಚೆನ್ನಾಗಿ ಗೊತ್ತಿದ್ದವು. ಅವರಿಗೆ ಹಸು ಕೊಟ್ಟು ಕಳುಹಿಸದೆ, ಆ ತಿಳಿವಳಿಕೆಯನ್ನೇ ಅವರ ಬಂಡವಾಳವೆಂದು ಪರಿಗಣಿಸಲಾಯಿತು. ಅವರು ಪ್ರವಾಸಿಗರಿಗೆ ಮಾರ್ಗದರ್ಶಕರೂ ಕಾಡಿಗೆ ಕಾವಲುಗಾರರೂ ಆದರು. ವರ್ತಕರಿಗೆ ಮೆಣಸಿನ ಫಸಲನ್ನು ಮುಂಗಡವಾಗಿಯೇ ಒತ್ತೆ ಇಟ್ಟು ಸಾಲದಲ್ಲಿ ಮುಳುಗಿದ್ದ ಗಿರಿಜನರಿಗೆ ಆ ಋಣದಿಂದ ಹೊರಬರಲು ಸಮಿತಿಗಳು ನೆರವಾದವು. ವಿದೇಶದ ಹಣ ನಿಂತ ವರ್ಷದಲ್ಲೇ, ಅಂದರೆ 2004ರಲ್ಲಿ, ಪೆರಿಯಾರ್ ಪ್ರತಿಷ್ಠಾನ ರೂಪುಗೊಂಡಿತು. ಪ್ರವಾಸಿಗರಿಂದ ಪಡೆಯುವ ಪುಟ್ಟ ಮೇಲ್ತೆರಿಗೆ ಅದಕ್ಕೆ ಆಧಾರವಾಯಿತು. ವನ್ಯಜೀವಿ ಕಾಯ್ದೆಗೆ 2006ರಲ್ಲಿ ಬಂದ ತಿದ್ದುಪಡಿಯಲ್ಲಿ ಇಂತಹ ಪ್ರತಿಷ್ಠಾನಗಳಿಗೆ ಕಾನೂನಿನಲ್ಲೇ ಸ್ಥಾನ ದೊರೆಯಿತು.

ಇನ್ನು ನಾಗರಹೊಳೆ. ಇಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ತಲೆಮಾರುಗಳಿಂದ ಹಾಡಿಗಳಲ್ಲಿ ಬಾಳಿದವರು. ಅವರ ಮುಂದಿದ್ದ ಪ್ರಶ್ನೆ ಕಸುಬಿನದಲ್ಲ, ನೆಲೆಯದು. ಕಾಡಿನಿಂದ ಹೊರಡಬೇಕೆಂಬ ಒತ್ತಡವಿದ್ದ ಕಾಲದಲ್ಲೇ ಅದೇ ಕಾಡಿನೊಳಗೆ ದೊಡ್ಡ ಹೋಟೆಲ್ ಸಮೂಹವೊಂದರ ವಸತಿಗೃಹಕ್ಕೆ ಅವಕಾಶ ಕೊಡಲಾಗಿತ್ತು. ಆದಿವಾಸಿಗಳ ಹೋರಾಟದ ಬಳಿಕ 1997ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ತಡೆಯಿತು. ಯೋಜನೆಯನ್ನು ರೂಪಿಸುವಾಗ ತಮ್ಮನ್ನು ಕೇಳಲೇ ಇಲ್ಲವೆಂದು 1998ರಲ್ಲಿ ಅವರ ಪರವಾಗಿ ವಿಶ್ವಬ್ಯಾಂಕಿನ ತಪಾಸಣಾ ಮಂಡಳಿಗೆ ದೂರು ಹೋಯಿತು. ಮಂಡಳಿಯು ಪೂರ್ಣ ತನಿಖೆ ಆಗಬೇಕೆಂದು ಶಿಫಾರಸು ಮಾಡಿದರೂ ಬ್ಯಾಂಕಿನ ನಿರ್ದೇಶಕರು ಅದಕ್ಕೆ ಸಮ್ಮತಿಸಲಿಲ್ಲ. ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. 2025ರ ಮೇ ತಿಂಗಳಲ್ಲಿ ಜೇನುಕುರುಬರ 50ಕ್ಕೂ ಹೆಚ್ಚು ಕುಟುಂಬಗಳು ಕರಡಿಕಲ್ಲು ಎಂಬ ತಮ್ಮ ಹಳೆಯ ನೆಲೆಗೆ ಮರಳಿ ಹಕ್ಕು ಕೇಳಿದವು.

ಓದುಗರೇ, ಇದರಿಂದ ಕೇರಳದವರು ಜಾಣರು, ನಾವು ದಡ್ಡರು ಎಂದು ಅರ್ಥಮಾಡಿಕೊಳ್ಳಬಾರದು. ಪೆರಿಯಾರ್‌ನಲ್ಲಿಯೂ ಕೊರತೆಗಳಿವೆ. ಸಮಿತಿಯ ಕಾರ್ಯದರ್ಶಿ ಅರಣ್ಯ ಇಲಾಖೆಯವರೇ ಆಗಿರುವುದರಿಂದ ಕೀಲಿಕೈ ಪೂರ್ತಿಯಾಗಿ ಹಳ್ಳಿಗರ ಕೈಗೆ ಬಂದಿಲ್ಲ. ಪ್ರವಾಸಿಗರನ್ನೇ ನಂಬಿದ ಆದಾಯ ಎಷ್ಟು ಅಸ್ಥಿರವೆಂಬುದನ್ನು 2020ರ ಕೋವಿಡ್ ಕಾಲ ಎಲ್ಲ ಅರಣ್ಯಗಳಲ್ಲೂ ತೋರಿಸಿತು. ಆದರೂ ಒಂದು ಮೂಲಭೂತ ವ್ಯತ್ಯಾಸವಿದೆ. ಒಂದು ಕಡೆ ಕಾಡಿನೊಡನೆ ಜನರಿಗಿದ್ದ ಸಂಬಂಧವನ್ನು ದುಡಿಮೆಯಾಗಿ ಮಾರ್ಪಡಿಸಲಾಯಿತು. ಇನ್ನೊಂದು ಕಡೆ ಆ ಸಂಬಂಧವನ್ನು ಕಡಿದುಕೊಳ್ಳುವುದಕ್ಕೆ ಬೆಲೆಯಾಗಿ ಸೌಲಭ್ಯಗಳನ್ನು ಮುಂದಿಡಲಾಯಿತು.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅನುಭವವೂ ಇದನ್ನೇ ಸಮರ್ಥಿಸುತ್ತದೆ. ಜೇನು, ನೆಲ್ಲಿಕಾಯಿ, ಪಾಚಿ ಅವರ ಆದಾಯದ ಮೂಲಗಳಾಗಿದ್ದವು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ನಂತರ ಇವುಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದು ನಿಷಿದ್ಧವಾದಾಗ, ಅದುವರೆಗೆ ಕಟ್ಟಿದ ಸಂಸ್ಕರಣಾ ಘಟಕಗಳಿಗೆ ಅರ್ಥವೇ ಇಲ್ಲದಂತಾಯಿತು. ಯಂತ್ರವಿತ್ತು, ತರಬೇತಿಯಿತ್ತು, ಹಕ್ಕು ಇರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆತ ಮೇಲೆಯೇ ಅವರ ದುಡಿಮೆಗೆ ಮತ್ತೆ ಕಾನೂನಿನ ನೆಲೆ ಸಿಕ್ಕಿದ್ದು.

ಆದ್ದರಿಂದ ಯೋಜನೆಯನ್ನು ನಿರ್ವಹಿಸುವವರು ಮೊದಲು ಕೇಳಬೇಕಾದ ಪ್ರಶ್ನೆಗಳು ಸರಳವಾದವು. ಹಸು ಕೊಡುವಾಗ, ಅದು ಮೇಯುವುದೆಲ್ಲಿ? ಮೇವಿಲ್ಲದಿದ್ದರೆ ಅದು ಕಾಡಿಗೇ ಹೋಗುತ್ತದೆ. ಹುಲಿ ಹಿಡಿದರೆ ಹೊಸ ವೈರ ಹುಟ್ಟುತ್ತದೆ. ಅನಿಲದ ಒಲೆ ಕೊಡುವಾಗ, ಎರಡನೆಯ ಸಿಲಿಂಡರಿಗೆ ಹಣವೆಲ್ಲಿ? ಹಣವಿಲ್ಲದಿದ್ದರೆ ಹೆಣ್ಣುಮಕ್ಕಳು ಮತ್ತೆ ಸೌದೆಗೆ ಹೊರಡುತ್ತಾರೆ. ಬುಟ್ಟಿ ಹೆಣೆಯಲು ಕಲಿಸುವಾಗ, ಕೊಳ್ಳುವವರಾರು? ಕೊನೆಯದಾಗಿ, ಲೆಕ್ಕದ ಪುಸ್ತಕ ಯಾರ ಮನೆಯಲ್ಲಿರುತ್ತದೆ?

ಈ ಮಾತು ಸರ್ಕಾರಕ್ಕೆ ಮಾತ್ರ ಸಲ್ಲುವುದಲ್ಲ. ನಮ್ಮ ಧರ್ಮಪ್ರಾಂತ್ಯಗಳ ಸಮಾಜಸೇವಾ ಸಂಸ್ಥೆಗಳಿಗೂ, ಧರ್ಮಕೇಂದ್ರಗಳಲ್ಲಿ ವಂತಿಗೆ ಕೊಡುವ ನಮಗೂ ಅನ್ವಯಿಸುತ್ತದೆ. ವಿತರಣಾ ಸಮಾರಂಭದ ಛಾಯಾಚಿತ್ರ ನೋಡಿ ತೃಪ್ತರಾಗುವುದು ಸುಲಭ. ದಾನ ಪಡೆದವನು ಕೈಯೊಡ್ಡಿದವನಾಗಿಯೇ ಉಳಿದರೆ ನಾವು ಅವನ ಹೊಟ್ಟೆಯನ್ನು ಒಂದು ದಿನ ತುಂಬಿಸಿದ್ದೇವೆ, ಅಷ್ಟೇ. ಮುಂದಿನ ಸಲ ಇಂತಹ ಯೋಜನೆಗೆ ನಿಮ್ಮ ನೆರವು ಕೇಳಿದಾಗ ಧಾರಾಳವಾಗಿ ಕೊಡಿ. ಜೊತೆಗೆ, ಐದು ವರ್ಷದ ಹಿಂದೆ ಕೊಟ್ಟದ್ದರಲ್ಲಿ ಆ ಹಳ್ಳಿಯವರ ಕೈಯಲ್ಲಿ ಇಂದು ಉಳಿದಿರುವುದೇನು ಎಂದು ವಿನಯದಿಂದ ಕೇಳಿ.