ವಿಶ್ವವಿದ್ಯಾನಿಲಯದ ಕಿರು ಅನುದಾನಗಳು: ಒಂದು ವಿಮರ್ಶೆ

ವಿಶ್ವವಿದ್ಯಾನಿಲಯವು ತನ್ನ ಸ್ವಂತ ನಿಧಿಯಿಂದ ತನ್ನ ಅಧ್ಯಾಪಕರಿಗೂ ಸಿಬ್ಬಂದಿಗೂ ಕೊಡುವ ಅಲ್ಪಮೊತ್ತದ ಧನಸಹಾಯವು ವಿದ್ವಾಂಸರ ಚರ್ಚೆಗೆ ವಸ್ತುವಾಗುವುದು ವಿರಳ. ಕೋಟಿಗಳ ಲೆಕ್ಕದ ಯೋಜನೆಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ನಲವತ್ತು ಐವತ್ತು ಸಾವಿರ ರೂಪಾಯಿಗಳ ನೆರವು ಯಾರ ಗಮನವನ್ನೂ ಸೆಳೆಯದು. ಆದರೆ ಪಾಠಕ್ರಮವನ್ನು ತಿದ್ದಿಕೊಳ್ಳಬೇಕೆಂದಿರುವ ಅಧ್ಯಾಪಕನಿಗೂ, ಹಳೆಯ ಕಾಗದಪತ್ರಗಳ ಸೂಚಿಯೊಂದನ್ನು ಸಿದ್ಧಪಡಿಸಬೇಕೆಂದಿರುವ ಗ್ರಂಥಪಾಲನಿಗೂ ನಿಜವಾಗಿ ಕೈಗೆಟುಕುವುದು ಈ ಎರಡನೆಯ ಬಗೆಯದೇ. ಆದಕಾರಣ ಇದರ ಗುಣದೋಷಗಳನ್ನು ವಿಚಾರಮಾಡುವುದು ಅನುಚಿತವಾಗಲಾರದೆಂದು ನಾವು ನಂಬಿದ್ದೇವೆ.

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. 1953ರಲ್ಲಿ ಆರಂಭವಾಗಿ 1956ರ ಶಾಸನದಿಂದ ಅಧಿಕೃತ ಸ್ವರೂಪವನ್ನು ಪಡೆದ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಬಹುಕಾಲ ಕಿರು ಸಂಶೋಧನ ಯೋಜನೆಗಳೆಂಬ ಹೆಸರಿನಲ್ಲಿ ಕಾಲೇಜು ಅಧ್ಯಾಪಕರಿಗೆ ನೆರವು ನೀಡುತ್ತಿತ್ತು. 12ನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಇದರ ಮಿತಿ ವಿಜ್ಞಾನ ವಿಷಯಗಳಿಗೆ 5 ಲಕ್ಷ ರೂಪಾಯಿ, ಮಾನವಿಕ ಮತ್ತು ಸಮಾಜಶಾಸ್ತ್ರ ವಿಷಯಗಳಿಗೆ 3 ಲಕ್ಷ ರೂಪಾಯಿ. 2017ರಲ್ಲಿ ಆ ಅವಧಿ ಮುಗಿದ ತರುವಾಯ ಈ ಯೋಜನೆ ಹಿಂದಿನ ರೂಪದಲ್ಲಿ ಮುಂದುವರಿಯಲಿಲ್ಲ. ಹೀಗಾಗಿ ವಿಶ್ವವಿದ್ಯಾನಿಲಯಗಳ ಆಂತರಿಕ ಅನುದಾನಕ್ಕೆ ಹಿಂದೆಂದಿಗಿಂತಲೂ ಹೆಚ್ಚಿನ ಹೊಣೆ ಬಿದ್ದಿದೆ.

ಅದೇ 2017ರಲ್ಲಿ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು ಜಾರಿಗೆ ತಂದ ಪರಿಷ್ಕೃತ ಚೌಕಟ್ಟಿನಲ್ಲಿ ಇಂತಹ ಆಂತರಿಕ ನೆರವು ‘ಬೀಜಧನ’ವೆಂಬ ಹೆಸರಿನಿಂದ ಒಂದು ಮಾನದಂಡವಾಯಿತು. ಹೆಸರು ಸೊಗಸಾಗಿದೆ. ಆದರೆ ಅಲ್ಲಿ ಅಳೆದದ್ದು ಏನು? ವರ್ಷವೊಂದಕ್ಕೆ ಸರಾಸರಿ ಎಷ್ಟು ಲಕ್ಷ ರೂಪಾಯಿ ಹಂಚಲಾಯಿತೆಂಬುದು. ಬಿತ್ತಿದ ಬೀಜದ ತೂಕವನ್ನು ಕೇಳಿ, ಮೊಳೆತದ್ದೆಷ್ಟೆಂದು ಕೇಳದ ಒಕ್ಕಲಿಗನನ್ನು ನಾವು ಎಲ್ಲಿಯೂ ಕಂಡಿಲ್ಲ. ಮೊತ್ತವೇ ಮಾನದಂಡವಾದ ಮೇಲೆ ಹಂಚುವವರ ಲಕ್ಷ್ಯವೂ ಮೊತ್ತದ ಮೇಲೆಯೇ ನೆಟ್ಟರೆ ಅದರಲ್ಲಿ ಆಶ್ಚರ್ಯವಿಲ್ಲ.

ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಇಲ್ಲಿ ನಮ್ಮ ನಾಡಿನ ದತ್ತಿ ಶಾಸನಗಳ ನೆನಪಾಗುವುದು ಸಹಜ. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ 1058ರ ಶಾಸನವನ್ನು ತೆಗೆದುಕೊಳ್ಳಬಹುದು. ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ ಈ ಶಾಸನವು ವಿದ್ಯಾರ್ಥಿಗಳಿಗೆ, ಉಪಾಧ್ಯಾಯರಿಗೆ ಮಾತ್ರವಲ್ಲದೆ ಆರು ಮಂದಿ ಸರಸ್ವತೀ ಭಂಡಾರಿಗರಿಗೂ, ಅಂದರೆ ಗ್ರಂಥಭಂಡಾರವನ್ನು ನೋಡಿಕೊಳ್ಳುವವರಿಗೂ, ಜೀವನೋಪಾಯವನ್ನು ಕಲ್ಪಿಸಿತ್ತು. ಸಾಮಾನ್ಯವಾಗಿ ದತ್ತಿ ಶಾಸನವೊಂದು ಕೊಟ್ಟವರಾರು, ಪಡೆದವರಾರು, ಯಾವ ಉದ್ದೇಶಕ್ಕೆ, ಎಷ್ಟು ಭೂಮಿ, ಅದರ ಎಲ್ಲೆ ಯಾವುದು ಎಂಬುದನ್ನೆಲ್ಲ ತಿಳಿಸುತ್ತದೆ. ಅಷ್ಟನ್ನೂ ಊರವರೆಲ್ಲರೂ ಓಡಾಡುವ ಸ್ಥಳದಲ್ಲಿ ಕಲ್ಲಿನ ಮೇಲೆ ನಿಲ್ಲಿಸುತ್ತದೆ. ಇಂದಿನ ಮಂಜೂರಾತಿ ಆದೇಶವೂ ಇವುಗಳಲ್ಲಿ ಮೊದಲ ಅಂಶಗಳನ್ನು ಚೆನ್ನಾಗಿಯೇ ನಮೂದಿಸುತ್ತದೆ. ಕೊನೆಯದು ಮಾತ್ರ ಇಲ್ಲ. ಅನುದಾನದ ಫಲವಾಗಿ ಬಂದ ವರದಿ ಮೂರು ಪ್ರತಿಗಳಲ್ಲಿ ಬೆರಳಚ್ಚಾಗಿ ಕಚೇರಿಯ ಬೀರುವನ್ನು ಸೇರುತ್ತದೆ. ಮುಂದಿನ ವರ್ಷ ಅದೇ ವಿಷಯಕ್ಕೆ ಅರ್ಜಿ ಹಾಕುವವನಿಗೆ ಹಿಂದಿನವನು ಏನು ಕಂಡನೆಂಬುದು ತಿಳಿಯುವುದಿಲ್ಲ. ಹಳೆಯ ವ್ಯವಸ್ಥೆಯನ್ನು ಆದರ್ಶವೆಂದು ನಾವು ಹೊಗಳುತ್ತಿಲ್ಲ. ಆ ದತ್ತಿಗಳ ಫಲ ಯಾರಿಗೆ ದೊರೆಯುತ್ತಿತ್ತು, ಯಾರಿಗೆ ದೊರೆಯುತ್ತಿರಲಿಲ್ಲ ಎಂಬುದನ್ನು ಬಲ್ಲೆವು. ಬಹಿರಂಗವಾಗಿ ದಾಖಲಿಸುವ ಆ ಒಂದು ಪದ್ಧತಿ ಮಾತ್ರ ಅನುಕರಣೀಯವೆಂಬುದು ನಮ್ಮ ಅಭಿಪ್ರಾಯ.

ಸಿಬ್ಬಂದಿಯೇ ಮುಂದಾಗಿ ಮಾಡಿದ ಕಾರ್ಯವೊಂದು ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಮೈಸೂರಿನಲ್ಲಿಯೇ ಪ್ರಸಿದ್ಧ ನಿದರ್ಶನವಿದೆ. 1891ರಲ್ಲಿ ಸ್ಥಾಪಿತವಾದ ಅಲ್ಲಿನ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. ಅವರು ಅಲ್ಲಿ ಗ್ರಂಥಪಾಲರಾಗಿದ್ದವರು. 1905ರಿಂದ ಅವರು ಅದರ ಅನುವಾದದ ಭಾಗಗಳನ್ನು ಬೆಳಕಿಗೆ ತಂದರು. 1909ರಲ್ಲಿ ಮೂಲವು ಅಚ್ಚಾಯಿತು. 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕರೂಪದಲ್ಲಿ ಬಂದಿತು. ಪ್ರಾಚೀನ ಭಾರತದ ರಾಜ್ಯಶಾಸ್ತ್ರವನ್ನು ಕುರಿತ ತಿಳಿವಳಿಕೆಯೇ ಇದರಿಂದ ಮಾರ್ಪಟ್ಟಿತು. ಶಾಸ್ತ್ರಿಗಳ ವಿದ್ವತ್ತನ್ನು ಯಾವ ಅನುದಾನವೂ ಸೃಷ್ಟಿಸಲಾರದು, ನಿಜ. ಆದರೆ ಆ ವಿದ್ವತ್ತು ಫಲಿಸುವುದಕ್ಕೆ ಮೂರು ಅನುಕೂಲಗಳು ಒದಗಿದ್ದುವು: ಹಸ್ತಪ್ರತಿಗಳನ್ನು ಬರಮಾಡಿಕೊಳ್ಳುವ ಭಂಡಾರ, ಅವುಗಳನ್ನು ಓದುವುದನ್ನೇ ಕೆಲಸವಾಗಿ ಎಣಿಸುವ ಉದ್ಯೋಗ, ಓದಿದ್ದನ್ನು ಅಚ್ಚಿಗೆ ತರುವ ಗ್ರಂಥಮಾಲೆ. ಸಾಮಗ್ರಿ, ಕಾಲ, ಪ್ರಕಟಣೆ ಎಂಬ ಈ ಮೂರನ್ನು ಒದಗಿಸುವುದೇ ಕಿರು ಅನುದಾನದ ಧರ್ಮವಾಗಬೇಕು. ಈಗಿನ ವ್ಯವಸ್ಥೆ ಮೊದಲನೆಯದಕ್ಕೆ ಹಣ ಕೊಡುತ್ತದೆ, ಉಳಿದೆರಡನ್ನು ಮರೆಯುತ್ತದೆ.

ಈ ಮಾತಿಗೆ ನಮ್ಮದೇ ಅನುಭವವೊಂದನ್ನು ಸೇರಿಸಬಹುದು. ಕೆಲವು ವರ್ಷಗಳ ಹಿಂದೆ ನಾವು ಬಿ.ಎ. ತರಗತಿಯ ವಿದ್ಯಾರ್ಥಿಗಳೊಡನೆ ಸಮೀಪದ ಗ್ರಾಮಗಳ ವೀರಗಲ್ಲುಗಳನ್ನು ಗುರುತಿಸಿ, ಅಳತೆಮಾಡಿ, ಪಟ್ಟಿ ತಯಾರಿಸಲು ಒಂದು ಕಿರು ಅನುದಾನವನ್ನು ಕೋರಿದೆವು. ಪಠ್ಯಪುಸ್ತಕದಲ್ಲಿ ಓದಿದ ವೀರಗಲ್ಲನ್ನು ವಿದ್ಯಾರ್ಥಿಯು ತನ್ನ ಊರ ಹೊರಗೆ ನಿಂತು ನೋಡಲೆಂಬುದೇ ಉದ್ದೇಶ. ಆಗಸ್ಟ್ ತಿಂಗಳಲ್ಲಿ ಅರ್ಜಿ ಹೋಯಿತು. ಆದೇಶ ಬಂದದ್ದು ಜನವರಿಯ ಕೊನೆಗೆ. ಮಾರ್ಚ್ 31ರೊಳಗೆ ಖರ್ಚು ತೋರಿಸಿ ಬಳಕೆ ಪ್ರಮಾಣಪತ್ರವನ್ನು ಸಲ್ಲಿಸಬೇಕಾಗಿತ್ತು. ಮೊತ್ತದ ಬಹುಭಾಗ ‘ಉಪಕರಣ’ ಎಂಬ ಶೀರ್ಷಿಕೆಯಲ್ಲಿತ್ತು. ವಿದ್ಯಾರ್ಥಿಗಳ ಬಸ್ಸಿನ ಛಾರ್ಜಿಗೆ ಶೀರ್ಷಿಕೆಯೇ ಇರಲಿಲ್ಲ. ಶೀರ್ಷಿಕೆ ಬದಲಿಸಿಕೊಡಬೇಕೆಂಬ ನಮ್ಮ ಮನವಿಗೆ ಉತ್ತರ ಬರಲಿಲ್ಲ. ಮೂರು ದರಪಟ್ಟಿಗಳನ್ನು ತರಿಸಿ ಒಂದು ಒಳ್ಳೆಯ ಕ್ಯಾಮರಾ ಕೊಂಡೆವು; ಲೆಕ್ಕ ಸರಿಹೋಯಿತು. ಊರುಗಳಿಗೆ ಹೋಗಲು ಸಾಧ್ಯವಾದದ್ದು ಮುಂದಿನ ವರ್ಷ, ನಮ್ಮ ಕೈಯಿಂದ ಖರ್ಚುಮಾಡಿ. ಅರ್ಜಿ ಬರೆಯುವಾಗ ಹೊಲದ ಬದುವಿನಲ್ಲಿ ಕಂಡಿದ್ದ ಅಕ್ಷರವುಳ್ಳ ಒಂದು ಕಲ್ಲು ಆ ವೇಳೆಗೆ ಅಲ್ಲಿರಲಿಲ್ಲ. ರಸ್ತೆ ಅಗಲಮಾಡುವಾಗ ಮಣ್ಣಿನಡಿಗೆ ಹೋಯಿತೆಂದು ಊರವರು ಹೇಳಿದರು. ಅದರ ಮೇಲೇನು ಬರೆದಿತ್ತೆಂಬುದನ್ನು ಇನ್ನು ಯಾರೂ ಓದಲಾರರು. ಕ್ಯಾಮರಾ ಮಾತ್ರ ವಿಭಾಗದ ದಾಸ್ತಾನು ಪುಸ್ತಕದಲ್ಲಿ ಕ್ರಮಬದ್ಧವಾಗಿ ನಮೂದಾಗಿದೆ.

ಇದನ್ನು ಹೇಳಿ ಕಚೇರಿಯನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕು. ದರಪಟ್ಟಿಯ ನಿಯಮ ಹುಟ್ಟಿದ್ದು ಹಣದ ದುರುಪಯೋಗವನ್ನು ತಡೆಯುವುದಕ್ಕಾಗಿಯೇ. ಅಧ್ಯಾಪಕರಾದ ನಮ್ಮಲ್ಲಿಯೂ ದೋಷಗಳುಂಟು. ‘ಒಂದು ಅವಲೋಕನ’ವೆಂದು ಮುಗಿಯುವ ಶೀರ್ಷಿಕೆಯನ್ನಿಟ್ಟು, ಹಿಂದೆ ಬರೆದ ಪ್ರಬಂಧವನ್ನೇ ಅರ್ಜಿಯಾಗಿ ಮಾರ್ಪಡಿಸುವವರಿದ್ದಾರೆ. ಬಡ್ತಿಗೆ ಬೇಕಾದ ಅಂಕಗಳಿಗಾಗಿ ಮಾತ್ರ ಯೋಜನೆಯನ್ನು ಹಿಡಿಯುವವರೂ ಇದ್ದಾರೆ. ಅಂದುಕೊಂಡದ್ದು ಆಗಲಿಲ್ಲವೆಂದು ವರದಿಯಲ್ಲಿ ಬರೆಯುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗಿದೆ? ನಾವೂ ಆ ವರ್ಷ ‘ಯೋಜನೆಯು ಯಶಸ್ವಿಯಾಗಿ ಪೂರ್ಣಗೊಂಡಿತು’ ಎಂದೇ ಬರೆದು ಸಹಿ ಹಾಕಿದೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅದನ್ನು ಓದಿದವರಿಗೆ ಶೀರ್ಷಿಕೆಯ ತೊಡಕಾಗಲಿ ಕಲ್ಲಿನ ನಷ್ಟವಾಗಲಿ ತಿಳಿಯುವ ಬಗೆಯಿರಲಿಲ್ಲ. ತಪ್ಪು ತಿಳಿಯದಿದ್ದ ಮೇಲೆ ತಿದ್ದಿಕೊಳ್ಳುವವರಾದರೂ ಯಾರು?

ಹಾಗಾದರೆ ಆಗಬೇಕಾದುದೇನು? ನಮ್ಮ ಸೂಚನೆಗಳು ಕೆಲವೇ. ಒಂದನೆಯದಾಗಿ, ಆದೇಶವು ಶೈಕ್ಷಣಿಕ ವರ್ಷದ ಆರಂಭದಲ್ಲಿಯೇ ಹೊರಡಬೇಕು. ಲೆಕ್ಕದ ವರ್ಷ ಏಪ್ರಿಲಿನಲ್ಲಿ ಆರಂಭವಾಗುವುದರಿಂದ, ಹಿಂದಿನ ಚಳಿಗಾಲದಲ್ಲಿ ಅರ್ಜಿಗಳನ್ನು ಪರಿಶೀಲಿಸಿದರೆ ಇದು ಅಸಾಧ್ಯವಲ್ಲ. ಎರಡನೆಯದಾಗಿ, ಶೀರ್ಷಿಕೆಯಿಂದ ಶೀರ್ಷಿಕೆಗೆ ಮೊತ್ತದ ಒಂದಂಶವನ್ನು ವರ್ಗಾಯಿಸುವ ಅಧಿಕಾರವನ್ನು ವಿಭಾಗದ ಮುಖ್ಯಸ್ಥರಿಗೇ ಕೊಡಬೇಕು. ಮೂರನೆಯದಾಗಿ, ಹಣದ ಬದಲು ಕಾಲವನ್ನು ಕೇಳುವ ಅರ್ಜಿಗೂ ಅವಕಾಶವಿರಬೇಕು. ವಾರಕ್ಕೆ ಎರಡು ಗಂಟೆಗಳ ಪಾಠದ ವಿನಾಯಿತಿ ಅನೇಕರಿಗೆ ಇಪ್ಪತ್ತು ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯುಳ್ಳದ್ದು. ನಾಲ್ಕನೆಯದಾಗಿ, ಗ್ರಂಥಾಲಯ, ಪ್ರಯೋಗಶಾಲೆ, ಕಚೇರಿಗಳ ಸಿಬ್ಬಂದಿಗೂ ಅರ್ಜಿ ಸಲ್ಲಿಸುವ ಹಕ್ಕಿರಬೇಕು. ಅರ್ಥಶಾಸ್ತ್ರವನ್ನು ಗುರುತಿಸಿದವರು ಪ್ರಾಧ್ಯಾಪಕರಲ್ಲ, ಗ್ರಂಥಪಾಲರು. ಐದನೆಯದಾಗಿ, ಪ್ರತಿಯೊಂದು ವರದಿಯೂ ಗ್ರಂಥಾಲಯದಲ್ಲಿ ಯಾವ ವಿದ್ಯಾರ್ಥಿಗಾದರೂ ಓದಲು ದೊರೆಯಬೇಕು. ಅದರಲ್ಲಿ ಕೈಗೂಡದ ಅಂಶಗಳಿಗೆಂದೇ ಒಂದು ಪುಟ ಕಡ್ಡಾಯವಾಗಿರಬೇಕು. ಆ ಪುಟವನ್ನು ನೋಡಿ ಮುಂದಿನ ಅರ್ಜಿಯನ್ನು ತಿರಸ್ಕರಿಸಕೂಡದು.

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನಾಲ್ಕನೆಯ, ಐದನೆಯ ಸೂಚನೆಗಳಿಗಂತೂ ಒಂದು ಸುತ್ತೋಲೆ ಸಾಕು. ಐದನೆಯದನ್ನು ವಿಭಾಗಗಳು ಸುತ್ತೋಲೆಗೆ ಕಾಯದೆ ತಾವಾಗಿಯೇ ಆರಂಭಿಸಬಹುದು. ನಮ್ಮ ವೀರಗಲ್ಲುಗಳ ಪಟ್ಟಿಯನ್ನೂ, ದೊರೆಯದೆಹೋದ ಆ ಒಂದು ಕಲ್ಲನ್ನು ಕುರಿತ ಟಿಪ್ಪಣಿಯನ್ನೂ ಈ ವರ್ಷ ಗ್ರಂಥಾಲಯಕ್ಕೆ ಒಪ್ಪಿಸಿದ್ದೇವೆ. ಅದೇ ಹೋಬಳಿಯಲ್ಲಿ ಕೆಲಸ ಮಾಡಹೊರಡುವವರು ಮೊದಲು ಅದನ್ನು ನೋಡಲಿ. ನಮ್ಮ ತಪ್ಪುಗಳನ್ನು ತಿದ್ದಲಿ.