ಬೋರೆಹಣ್ಣು ಎರೆಯುವ ವಯಸ್ಸು

ಕರ್ಹಾ ನದಿಯ ದಂಡೆಯ ಸಾಸವಡದಂಥ ಮರಾಠಿ ಊರುಗಳಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ‘ಬೋರನ್ಹಾಣ’ದ ಸಂಭ್ರಮ. ಕಪ್ಪು ಬಟ್ಟೆ ತೊಡಿಸಿ, ಕುಸುರೆಳ್ಳಿನ ಒಡವೆ ಹಾಕಿ, ಕೂಸಿನ ತಲೆಯ ಮೇಲೆ ಬೋರೆಹಣ್ಣು, ಮಂಡಕ್ಕಿ, ಕಬ್ಬಿನ ತುಂಡು ಸುರಿಯುತ್ತಾರೆ. ನೆರೆಮನೆಯ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಎಲಚಿಹಣ್ಣು ಎರೆಯುವುದೂ ಇದೇ.

ಇದರ ಚೆಲುವಿರುವುದು ಮಿತಿಯಲ್ಲಿ: ಸಾಮಾನ್ಯವಾಗಿ ಐದು ವರ್ಷ ದಾಟಿದರೆ ಮುಗಿಯಿತು. ಒಂದು ವರ್ಷ ಅಮ್ಮನ ತೊಡೆಯಲ್ಲಿ ಬೆಚ್ಚಿ ಅಳುವ ಕೂಸು ಮರುವರ್ಷ ಹಣ್ಣಿಗೆ ಕೈಚಾಚುತ್ತದೆ. ಆಮೇಲೆ ಮಣೆಯ ಮೇಲೆ ಕೂರಲೊಲ್ಲದೆ ತಾನೇ ಆರಿಸಲು ಓಡುತ್ತದೆ. ಬೋರಲು ಬೀಳುವುದು, ಅಂಬೆಗಾಲು, ತೊದಲು ಯಾವುದೂ ಹೇಳಿ ಹೋಗುವುದಿಲ್ಲ. ಅಂಥ ಪ್ರಾಯಕ್ಕೊಂದು ಹಬ್ಬ ಕಟ್ಟಿದ ಹಿರಿಯರ ಜಾಣ್ಮೆ ದೊಡ್ಡದು. ಮನೆಯಲ್ಲಿ ಪುಟಾಣಿಗಳಿದ್ದರೆ ಈ ಸಂಕ್ರಾಂತಿಗೆ ತಪ್ಪದೆ ಎರೆಯಿರಿ.